ಹೊಳೆ ಇಳಿದಾಗ ಟ್ರೌಟ್‌ಗೆ ಗಾಳ

ಬೇಸಿಗೆ ಮುಗಿಯುತ್ತ ಬಂದಂತೆ ಹೊಳೆಯ ನೀರು ಇಳಿದು, ಮೊದಲು ತೊಡೆಯವರೆಗೆ ಬರುತ್ತಿದ್ದ ಹರಿವು ಪಾದದ ಗಂಟಿನ ಬಳಿಯೇ ನಿಂತುಬಿಟ್ಟಾಗ, ಫ್ಲೈ ಫಿಶಿಂಗ್ ಮಾಡುವವರಲ್ಲಿ, ಅಂದರೆ ಹುಳುವಿನಂತೆ ಕಾಣಲು ಎಳೆ ಸುತ್ತಿದ ಕೊಕ್ಕೆಯನ್ನು (ಅದೇ ಫ್ಲೈ) ಎಸೆದು ಮೀನು ಹಿಡಿಯುವವರಲ್ಲಿ, ಹೆಚ್ಚಿನವರು ರಾಡನ್ನು ಬಿಚ್ಚಿ ಮೂಲೆಗಿಡುತ್ತಾರೆ. ಮೀನು ಕಚ್ಚುವುದಿಲ್ಲ, ಕಂಡದ್ದೂ ಹತ್ತಿರ ಹೋಗುವಷ್ಟರಲ್ಲಿ ಓಡಿಹೋಗುತ್ತದೆ ಎಂಬುದು ಅವರ ದೂರು. ದೂರಿನಲ್ಲಿ ಸತ್ಯವಿದೆ. ಆದರೂ ಟ್ರೌಟ್ ಹಿಡಿಯುವ ಈ ಆಟದಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವ ಕಾಲ ಇದೇ. ತುಂಬಿ ಹರಿಯುವಾಗ ಮೀನು ಎಲ್ಲಿರಬಹುದೆಂದು ಊಹಿಸಿ ಫ್ಲೈ ಎಸೆಯಬೇಕು, ನಮ್ಮ ಒರಟು ಹೆಜ್ಜೆ, ತಪ್ಪಿದ ಎಸೆತ ಎಲ್ಲವನ್ನೂ ನೀರಿನ ಗದ್ದಲ ಮುಚ್ಚಿಹಾಕುತ್ತದೆ. ಇಳಿದ ಹೊಳೆಯಲ್ಲಿ ಮೀನನ್ನು ಕಣ್ಣಾರೆ ನೋಡಿ, ಅದು ಏನು ಮಾಡುತ್ತಿದೆ ಎಂದು ತಿಳಿದುಕೊಂಡು, ಅದೊಂದಕ್ಕೇ ಗಾಳ ಹಾಕಬಹುದು. ಅಂಥ ನೀರಿನಲ್ಲಿ ಫ್ಲೈ ಬೀಳುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿಹೋಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಕೊಳ್ಳುವ ಸಾಮಾನುಗಳ ಮಾತು ಆಮೇಲೆ ಬರಬೇಕಾದದ್ದು.

ಒಂದು ಸಾಮಾನು ಮಾತ್ರ ಇದಕ್ಕೆ ಹೊರತು. ರಾಡಿಗಿಂತ ಮೊದಲು ಚೀಲದಿಂದ ಥರ್ಮಾಮೀಟರ್ ಹೊರಬರಬೇಕು. ಟ್ರೌಟ್ ತಣ್ಣೀರಿನ ಮೀನು. ಬ್ರೌನ್ ಟ್ರೌಟ್ 13-14 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, 19 ದಾಟಿದ ಮೇಲೆ ತಿನ್ನುವುದನ್ನು ಕಡಿಮೆ ಮಾಡುತ್ತದೆ, 25ರ ಹತ್ತಿರ ಬಹಳ ಹೊತ್ತು ಬದುಕಿರುವುದೇ ಅದಕ್ಕೆ ಕಷ್ಟ. ನೀರು ಬಿಸಿಯಾದಂತೆಲ್ಲ ಅದಕ್ಕೆ ಎರಡು ಕಡೆಯಿಂದಲೂ ಏಟು ಬೀಳುತ್ತದೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು, 20 ಡಿಗ್ರಿಯಲ್ಲಿ ಆ ಪ್ರಮಾಣ 9.1ಕ್ಕೆ ಇಳಿಯುತ್ತದೆ, ಅದೇ ಹೊತ್ತಿನಲ್ಲಿ ತಣ್ಣನೆಯ ರಕ್ತದ ಈ ಪ್ರಾಣಿಯ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಗಾಳಕ್ಕೆ ಸಿಕ್ಕು ಜಗ್ಗಾಡಿ ಸುಸ್ತಾದ ಮೀನು ಇಂಥ ನೀರಿನಲ್ಲಿ ಚೇತರಿಸಿಕೊಳ್ಳುವುದು ಅನುಮಾನ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟಾಗ ಅದು ಈಜಿಕೊಂಡು ಹೋಯಿತು ಎಂದ ಮಾತ್ರಕ್ಕೆ ಅದು ಬದುಕಿತು ಎಂದಲ್ಲ. 20 ಡಿಗ್ರಿ ಕಂಡರೆ ಗಾಳ ಹಾಕಬಾರದೆಂಬ ನಿಯಮವನ್ನು ಅನೇಕರು ಪಾಲಿಸುತ್ತಾರೆ, ನಾನು 19ಕ್ಕೇ ನಿಲ್ಲಿಸುತ್ತೇನೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಮೀನು ಹಿಡಿಯುವುದನ್ನು ನಿಷೇಧಿಸುವ ಪದ್ಧತಿಯಿದೆ. ಕಾನೂನಿನ ಆ ಗೆರೆಯನ್ನು ಮುಟ್ಟುವವರೆಗೂ ಗಾಳ ಹಾಕುತ್ತ ಹೋಗಬಹುದೆಂದು ನಾನಂತೂ ಭಾವಿಸುವುದಿಲ್ಲ.

ಆ ನಿಷೇಧ ಮಧ್ಯಾಹ್ನಕ್ಕೆ ಆರಂಭವಾಗುವುದಕ್ಕೂ ಕಾರಣವಿದೆ. ಹೊಳೆಯ ನೀರು ಹೆಚ್ಚು ಬಿಸಿಯಾಗುವುದು ಇಳಿಹೊತ್ತಿನಲ್ಲಿ. ಹಗಲೆಲ್ಲ ಕಾದ ಬಂಡೆಗಳ ನಡುವಿನ ತೆಳುವಾದ ಹರಿವು ಸೂರ್ಯ ಮುಳುಗಿದೊಡನೆ ತಣ್ಣಗಾಗುವುದಿಲ್ಲ. ಸಂಜೆಯ ಗಾಳಿ ಮೈಗೆ ಹಿತವೆನಿಸಿದರೂ ನೀರಿನಲ್ಲಿ ಮಧ್ಯಾಹ್ನದ ಕಾವು ಉಳಿದೇ ಇರುತ್ತದೆ. ನೀರು ಅತ್ಯಂತ ತಣ್ಣಗಿರುವುದು ಬೆಳಗಿನ ಜಾವದಲ್ಲಿ ಮತ್ತು ಸೂರ್ಯೋದಯವಾದ ಸ್ವಲ್ಪ ಹೊತ್ತಿನವರೆಗೆ. ಆದರೆ ಜೊಂಡು, ಪಾಚಿ ಬಹಳವಿರುವ ಹೊಳೆಯಲ್ಲಿ ಇನ್ನೊಂದು ತೊಡಕಿದೆ: ಹಗಲಿನಲ್ಲಿ ಆಮ್ಲಜನಕ ಬಿಡುವ ಆ ಸಸ್ಯಗಳು ರಾತ್ರಿಯಿಡೀ ಅದನ್ನು ಹೀರಿಕೊಳ್ಳುವುದರಿಂದ ಬೆಳಕು ಹರಿಯುವ ಮುನ್ನ ಆಮ್ಲಜನಕ ತಳ ಕಂಡಿರುತ್ತದೆ. ಅಂಥ ಕಡೆಗಳಲ್ಲಿ ನಸುಕಿನಲ್ಲೇ ದಡಕ್ಕೆ ಹೋಗಿ ಕುಳಿತರೂ, ನೀರಿನ ಮೇಲೆ ಬಿಸಿಲು ಬಿದ್ದು ತುಸು ಹೊತ್ತಾಗುವವರೆಗೆ ಮೀನು ಮಂಕಾಗಿಯೇ ಇರುವುದುಂಟು.

ಹೊಳೆ ಇಳಿದಾಗ ಮೀನು ಇದ್ದಲ್ಲೇ ಇರುವುದಿಲ್ಲ. ವಸಂತದಲ್ಲಿ ಪ್ರತಿಯೊಂದು ಗುಂಡುಕಲ್ಲಿನ ಹಿಂದೆಯೂ ಒಂದೊಂದು ಟ್ರೌಟ್ ನಿಲ್ಲಬಹುದಾಗಿದ್ದ ಉದ್ದನೆಯ ಹರವು ಈಗ ಖಾಲಿಯಾಗಿರುತ್ತದೆ. ಅಲ್ಲಿದ್ದವೆಲ್ಲ ಕೆಲವೇ ಜಾಗಗಳಲ್ಲಿ ಸೇರಿಕೊಂಡಿರುತ್ತವೆ. ಇಂಥ ಹೊತ್ತಿನಲ್ಲಿ ಮೀನಿಗೆ ಬೇಕಾಗುವುದು ಉಸಿರಾಡಲು ಸಾಕಷ್ಟು ಆಮ್ಲಜನಕ, ಬಕಪಕ್ಷಿ ಮತ್ತು ನೀರುನಾಯಿಗಳಿಂದ ರಕ್ಷಣೆ, ಹೆಚ್ಚು ಈಜಾಡದೆ ಬಾಯಿಗೆ ಬರುವ ಆಹಾರ. ನೀರು ಕಲ್ಲುಗಳ ಮೇಲೆ ಮುರಿದು ಮಡುವಿಗೆ ಧುಮುಕುವ ಜಾಗದಲ್ಲಿ ಈ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಹೆಚ್ಚಿನವರು ಮಡುವಿನ ಆಳವನ್ನೇ ದಿಟ್ಟಿಸುತ್ತ ನಿಲ್ಲುತ್ತಾರೆ; ತಿನ್ನುವ ಮನಸ್ಸಿರುವ ಮೀನು ಅದರ ತಲೆಭಾಗದಲ್ಲಿ, ನೊರೆಯ ಅಂಚಿನಲ್ಲಿ, ಮೊಣಕಾಲು ಮುಳುಗದಷ್ಟು ನೀರಿನಲ್ಲೇ ಇರುತ್ತದೆ. ಒಡೆದ ಮೇಲ್ಮೈ ಅದನ್ನು ಮೇಲಿನಿಂದ ಮರೆಮಾಡುತ್ತದೆ. ಹೊರಬಾಗಿನ ದಡದ ಅಡಿಯಲ್ಲಿ ನೀರು ಕೊರೆದ ಪೊಟರೆಗಳು, ಬಿದ್ದ ಮರದ ಬುಡ, ನೀರಿನ ಮೇಲೆ ಬಾಗಿದ ಕೊಂಬೆಗಳ ನೆರಳು ಇವೂ ನೋಡತಕ್ಕ ಜಾಗಗಳು. ಎಲ್ಲಕ್ಕಿಂತ ಮುಖ್ಯವಾದುದು ಊಟೆಯ ನೀರು. ಒರತೆಯೊಂದು ಹೊಳೆಯ ತಳದಿಂದಲೋ ದಡದಿಂದಲೋ ಒಸರುವ ಕಡೆ ಥರ್ಮಾಮೀಟರ್ ಅದ್ದಿ ನೋಡಿದರೆ ಸುತ್ತಲಿಗಿಂತ ಕೆಲವು ಡಿಗ್ರಿ ಕಡಿಮೆ ತೋರಿಸುತ್ತದೆ. ಇಂಗ್ಲೆಂಡಿನ ಟೆಸ್ಟ್, ಇಚೆನ್‌ನಂಥ ಸುಣ್ಣಕಲ್ಲಿನ ಪ್ರದೇಶದ ನದಿಗಳು ಟ್ರೌಟ್‌ಗೆ ಹೆಸರಾಗಿರುವುದಕ್ಕೆ ಮುಖ್ಯ ಕಾರಣವೂ ಇದೇ: ಅವುಗಳ ಹರಿವಿನ ಬಹುಪಾಲು ನೆಲದಡಿಯಿಂದ ಬರುವುದರಿಂದ ಬೇಸಿಗೆಯಲ್ಲೂ ತಂಪಾಗಿರುತ್ತದೆ.

ಆದರೆ ಒಂದು ಎಚ್ಚರಿಕೆ. ಹೊಳೆಯೆಲ್ಲ ಬಿಸಿಯಾಗಿ, ಜೀವ ಉಳಿಸಿಕೊಳ್ಳಲು ಹತ್ತಾರು ಮೀನುಗಳು ಒಂದು ತಣ್ಣನೆಯ ತೊರೆಯ ಬಾಯಿಯಲ್ಲಿ ಒತ್ತೊತ್ತಾಗಿ ನಿಂತಿರುವುದು ಕಂಡರೆ, ಅಲ್ಲಿ ಗಾಳ ಹಾಕುವುದು ಮೀನುಗಾರಿಕೆಯೆನಿಸದು. ಅವು ಅಲ್ಲಿಂದ ಬೆದರಿ ಚದುರಿದರೆ ಬಿಸಿನೀರಿಗೇ ಹೋಗಬೇಕು.

ಇನ್ನು ಹತ್ತಿರ ಹೋಗುವ ವಿಷಯ. ನೀರಿನೊಳಗಿನ ಮೀನಿಗೆ ಹೊರಲೋಕ ಹೇಗೆ ಕಾಣುತ್ತದೆಂಬುದನ್ನು ಅರ್ಥಮಾಡಿಕೊಂಡರೆ ಇಲ್ಲಿನ ಅರ್ಧ ಕೆಲಸ ಮುಗಿದಂತೆ. ಗಾಳಿಯಿಂದ ನೀರಿಗೆ ಬರುವ ಬೆಳಕು ಬಾಗುವುದರಿಂದ, ಮೀನು ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ಒಂದು ಶಂಕುವಿನ ಮೂಲಕ ಮಾತ್ರ ಹೊರಗನ್ನು ನೋಡಬಲ್ಲದು. ಮೇಲ್ಮೈಯಲ್ಲಿ ಅದು ಒಂದು ದುಂಡನೆಯ ಕಿಟಕಿ. ಅದರಾಚೆಯ ಮೇಲ್ಮೈಯೆಲ್ಲ ಮೀನಿಗೆ ಹೊಳೆಯ ತಳವನ್ನೇ ಪ್ರತಿಫಲಿಸುವ ಕನ್ನಡಿ. ಆ ಕಿಟಕಿಯ ಅಡ್ಡಳತೆ ಮೀನು ಇರುವ ಆಳದ ಸುಮಾರು 2.27 ಪಟ್ಟು. ಒಂದು ಮೀಟರ್ ಆಳದಲ್ಲಿರುವ ಟ್ರೌಟ್‌ಗೆ ಎರಡು ಮೀಟರಿಗಿಂತ ದೊಡ್ಡ ಕಿಟಕಿಯಿದ್ದರೆ, ಇಳಿದ ಹೊಳೆಯಲ್ಲಿ 30 ಸೆಂಟಿಮೀಟರ್ ಆಳದಲ್ಲಿ ನಿಂತದ್ದಕ್ಕೆ ಕೇವಲ 68 ಸೆಂಟಿಮೀಟರ್. ಕಿಟಕಿ ಚಿಕ್ಕದಾದುದರಿಂದ ಮೀನಿಗೆ ನಾವು ಕಾಣುವುದು ಕಡಿಮೆಯೆಂದು ತಿಳಿಯಬಾರದು: ಶಂಕುವಿನ ಕೋನ ಬದಲಾಗುವುದಿಲ್ಲ, ಇಡೀ ಆಕಾಶ, ದಡ, ಮರ, ಮನುಷ್ಯ ಎಲ್ಲವೂ ಅದೇ ಪುಟ್ಟ ವೃತ್ತದಲ್ಲಿ ಅಡಕವಾಗಿರುತ್ತವೆ. ಮೇಲಾಗಿ, ಅಲೆಯೇಳದ ನಿಂತಂಥ ನೀರಿನಲ್ಲಿ ಆ ಕಿಟಕಿ ಕಲಕದೆ ನಿಚ್ಚಳವಾಗಿರುತ್ತದೆ. ಬದಲಾಗುವುದು ನಮ್ಮ ಗುರಿಯ ಲೆಕ್ಕ. ಫ್ಲೈ ಒಂದು ಗೇಣು ಪಕ್ಕಕ್ಕೆ ಬಿದ್ದರೂ ಕಿಟಕಿಯ ಅಂಚಿನಲ್ಲೇ ಸಾಗಿ ಹೋಗಿಬಿಡುತ್ತದೆ.

ಕಿಟಕಿಯ ಅಂಚಿಗೆ ಬಂದಂತೆ ದೃಶ್ಯ ಬಹಳ ಕುಗ್ಗಿ ಮಸುಕಾಗುತ್ತದೆ. ನೀರಿನ ಮಟ್ಟದಿಂದ ಮೇಲಕ್ಕೆ ಅಳೆದರೆ ಸುಮಾರು 10 ಡಿಗ್ರಿಯೊಳಗಿರುವುದು ಮೀನಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲವೆಂಬುದು ಮೀನುಗಾರರ ಕೈಲೆಕ್ಕ. ಇದನ್ನು ಅಳತೆಗೆ ಇಳಿಸಿ ನೋಡಿದರೆ, 10 ಮೀಟರ್ ದೂರದಲ್ಲಿ 1.76 ಮೀಟರ್ ಎತ್ತರದವರೆಗೆ, 6 ಮೀಟರ್ ದೂರದಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ಎತ್ತರದವರೆಗೆ ನಾವು ಮರೆಯಾಗಿರುತ್ತೇವೆ. ಅಂದರೆ ನೀರಿನ ಮಟ್ಟದಲ್ಲೇ ನಿಂತವನು 10 ಮೀಟರಿನಿಂದ ಎಸೆಯಬಹುದು, ಇನ್ನೂ ಹತ್ತಿರ ಹೋಗಬೇಕಾದರೆ ಮಂಡಿಯೂರಲೇಬೇಕು. ಎತ್ತರದ ದಡದ ಮೇಲೆ ನಿಂತವನು ಅಷ್ಟೇ ದೂರದಲ್ಲಿದ್ದರೂ ಆಕಾಶಕ್ಕೆ ಎದುರಾಗಿ ಕಂಬದಂತೆ ಕಾಣುತ್ತಾನೆ. ಟ್ರೌಟ್ ಪ್ರವಾಹಕ್ಕೆ ಮುಖಮಾಡಿ ನಿಲ್ಲುವುದರಿಂದ ಅದರ ಬೆನ್ನಹಿಂದೆ ಕಣ್ಣಿಗೆ ನಿಲುಕದ ಒಂದು ಓಣಿಯಿದೆ. ಕೆಳಗಿನಿಂದ ಮೇಲಕ್ಕೆ, ಹರಿವಿಗೆ ಎದುರಾಗಿ ಬರುವುದು ಅದಕ್ಕಾಗಿಯೇ. ಆದರೆ ಮಡುವಿನಲ್ಲಿ ಸುಳಿಯಿದ್ದು ನೀರು ಹಿಂದಕ್ಕೆ ತಿರುಗುತ್ತಿದ್ದರೆ ಅಲ್ಲಿನ ಮೀನು ನಮ್ಮ ಕಡೆಗೇ ಮುಖ ಮಾಡಿರಬಹುದು, ಅದನ್ನು ಗಮನಿಸದೆ ಮುಂದುವರಿಯಬಾರದು.

ಕಣ್ಣಿನ ಜೊತೆಗೆ ಮೀನಿಗೆ ನಮ್ಮ ಸುಳಿವು ಕೊಡುವುದು ಅದರ ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆ, ನೀರಿನ ಒತ್ತಡದಲ್ಲಾಗುವ ಸಣ್ಣ ಏರಿಳಿತವನ್ನೂ ಗ್ರಹಿಸುವ ಅಂಗ. ನಿಂತ ನೀರಿನಲ್ಲಿ ಕಾಲಿಟ್ಟೊಡನೆ ಏಳುವ ಅಲೆ ನಾವು ಮುಟ್ಟುವ ಮೊದಲೇ ಮಡುವಿನ ಇನ್ನೊಂದು ತುದಿಯನ್ನು ಮುಟ್ಟಿರುತ್ತದೆ. ತಳದ ಕಲ್ಲು ಬೂಟಿನಡಿ ಜಾರಿ ಇನ್ನೊಂದಕ್ಕೆ ತಗುಲಿದರೆ ಆ ಸದ್ದು ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಸಾಧ್ಯವಾದಷ್ಟೂ ನೀರಿಗೆ ಇಳಿಯದಿರುವುದೇ ನನ್ನ ಮಟ್ಟಿಗೆ ಇಳಿದ ಹೊಳೆಯ ಮೊದಲ ನಿಯಮ. ಇಳಿಯಲೇಬೇಕಾದಾಗ ಒಂದು ಹೆಜ್ಜೆಯಿಟ್ಟು, ಅದರ ಅಲೆ ಅಡಗುವವರೆಗೆ ನಿಂತು, ಆಮೇಲೆ ಇನ್ನೊಂದು ಹೆಜ್ಜೆ. ಹೀಗೆ ಮಡುವಿನ ಬಾಲದಿಂದ, ಅಂದರೆ ಅದರ ಕೆಳತುದಿಯಿಂದ, ಎಸೆಯುವ ಜಾಗಕ್ಕೆ ಹೋಗಲು ಬಹಳ ಹೊತ್ತು ಬೇಕಾಗುತ್ತದೆ, ಆ ಹೊತ್ತು ವ್ಯರ್ಥವಲ್ಲ. ಮಡುವಿನ ಬಾಲದ ತೆಳು ನೀರಿನಲ್ಲಿ ಸಣ್ಣ ಮೀನುಗಳು ಕಾವಲುಗಾರರಂತೆ ನಿಂತಿರುತ್ತವೆ. ಅವುಗಳಲ್ಲೊಂದು ಬೆದರಿ ಬಾಣದಂತೆ ಮೇಲಕ್ಕೆ ಓಡಿದರೆ, ದೊಡ್ಡ ಮೀನು ಆ ದಿನಕ್ಕೆ ಮುಗಿದ ಕತೆ.

ನೋಡುವುದಕ್ಕೆ ಪೋಲರಾಯ್ಡ್ ಕನ್ನಡಕ ಬೇಕು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಅದು ಪ್ರತಿಫಲನವನ್ನು ಅತಿ ಹೆಚ್ಚು ಕತ್ತರಿಸುತ್ತದೆ, ತಲೆಯನ್ನು ಪಕ್ಕಕ್ಕೆ ತುಸು ವಾಲಿಸಿ ನೋಡಿದರೆ ಕೆಲವೊಮ್ಮೆ ಮುಚ್ಚಿದ ಪರದೆ ಸರಿದಂತಾಗುತ್ತದೆ. ಆಗಲೂ ಮೀನೇ ಮೊದಲು ಕಾಣುವುದು ಅಪರೂಪ. ಕಾಣುವುದು ತಳದ ಮೇಲೆ ಬಿದ್ದ ಅದರ ನೆರಳು. ಒಮ್ಮೆ ಹೀಗೆ ನೆರಳಿನಿಂದ ಗುರುತಿಸಿದ ಬ್ರೌನ್ ಟ್ರೌಟ್ ಒಂದನ್ನು ಪೊದೆಯ ಹಿಂದೆ ಕುಳಿತು ನೋಡುತ್ತಿದ್ದೆ. ಚಪ್ಪಟೆಯಾದ ಎರಡು ಕಲ್ಲುಗಳ ನಡುವೆ, ಬಾಲದ ತುದಿಯನ್ನಷ್ಟೇ ಅಲ್ಲಾಡಿಸುತ್ತ ಅದು ನಿಂತಿತ್ತು. ಆಗಾಗ ಒಂದು ಅಂಗೈಯಗಲ ಎಡಕ್ಕೆ ಸರಿಯುತ್ತಿತ್ತು, ಬಾಯಿ ತೆರೆದಾಗ ಒಳಗಿನ ಬಿಳುಪು ಒಂದು ಕ್ಷಣ ಮಿಂಚುತ್ತಿತ್ತು, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಬಲಕ್ಕೆ ಒಮ್ಮೆಯೂ ಹೋಗಲಿಲ್ಲ. ಆಹಾರ ತರುವ ಸಣ್ಣ ಸೆಳವು ಎಡದ ಕಲ್ಲಿನ ಪಕ್ಕದಲ್ಲಿ ಮಾತ್ರ ಇತ್ತು. ಮೇಲ್ಮೈಯ ಮೇಲೆ ತೇಲಿಬಂದ ಹುಳುಗಳನ್ನು ಅದು ತಿರುಗಿಯೂ ನೋಡಲಿಲ್ಲ. ಇಷ್ಟು ತಿಳಿದ ಮೇಲೆ ಯಾವ ಫ್ಲೈ, ಎಷ್ಟು ಆಳದಲ್ಲಿ, ಯಾವ ಗೆರೆಯ ಮೇಲೆ ಎಂಬ ಪ್ರಶ್ನೆಗಳೆಲ್ಲ ತಾವಾಗಿ ಬಗೆಹರಿದವು.

ಎಸೆತದ ಬಗೆಗೆ ಬರೆಯುವವರು ಟಿಪ್ಪೆಟ್ಟಿನ, ಅಂದರೆ ಫ್ಲೈಗೆ ಕಟ್ಟುವ ದಾರದ ಕೊನೆಯ ತುಂಡಿನ, ತೆಳುವಿಗೆ ಕೊಡುವ ಮಹತ್ವ ಅತಿಯಾಯಿತೆಂದು ನನಗೆ ಅನಿಸುತ್ತದೆ. ಟಿಪ್ಪೆಟ್ಟಿನ ಅಳತೆಯ ಪದ್ಧತಿ ಸರಳ: 11ರಿಂದ ಅದರ ಎಕ್ಸ್ ಸಂಖ್ಯೆಯನ್ನು ಕಳೆದರೆ ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಎಂದರೆ 0.006 ಇಂಚು, ಅಂದರೆ 0.15 ಮಿಲಿಮೀಟರ್, 7ಎಕ್ಸ್ ಎಂದರೆ 0.10 ಮಿಲಿಮೀಟರ್. ತೆಳು ದಾರದ ನಿಜವಾದ ಲಾಭ ಅದು ಮೀನಿಗೆ ಕಾಣದಿರುವುದಕ್ಕಿಂತ, ಅದು ಮೆದುವಾಗಿ ಬಳುಕುವುದರಿಂದ ಪುಟ್ಟ ಫ್ಲೈ ನೀರಿನೊಡನೆ ಸ್ವತಂತ್ರವಾಗಿ ತೇಲುವುದರಲ್ಲಿದೆ. ನಿಧಾನವಾದ ಹರಿವಿನಲ್ಲಿ ಫ್ಲೈಯನ್ನು ಪರೀಕ್ಷಿಸಲು ಟ್ರೌಟ್‌ಗೆ ಬೇಕಾದಷ್ಟು ಸಮಯವಿರುತ್ತದೆ; ಅದು ಫ್ಲೈಯ ಕೆಳಗೇ ಹಿಂದಕ್ಕೆ ತೇಲುತ್ತ, ಮೂತಿಯನ್ನು ಅದಕ್ಕೆ ತಾಗಿಸುವಷ್ಟು ಹತ್ತಿರ ತಂದು, ಕೊನೆಗೆ ಬೇಡವೆಂದು ಕೆಳಗಿಳಿಯುವುದನ್ನು ನೋಡಿದವರಿಗೆ ಇದು ಗೊತ್ತು. ಹಾಗೆ ತಿರಸ್ಕರಿಸುವುದಕ್ಕೆ ಕಾರಣ ಹೆಚ್ಚಾಗಿ ಎಳೆತ. ದಾರ ಬೇರೊಂದು ವೇಗದ ಸೆಳವಿನ ಮೇಲೆ ಬಿದ್ದು ಫ್ಲೈಯನ್ನು ಕೂದಲೆಳೆಯಷ್ಟು ಎಳೆದರೂ ಸಾಕು, ಹತ್ತು ಮೀಟರ್ ದೂರದಿಂದ ನಮಗೆ ಕಾಣದ ಆ ಚಲನೆ ಒಂದು ಗೇಣಿನಿಂದ ನೋಡುವ ಮೀನಿಗೆ ಕಾಣುತ್ತದೆ.

ಆದ್ದರಿಂದ ನಾನು ದಪ್ಪನೆಯ ಫ್ಲೈ ಲೈನಿನ ಮುಂದೆ 12ರಿಂದ 15 ಅಡಿ ಉದ್ದದ ಲೀಡರ್ ಎಂಬ ತೆಳು ದಾರವನ್ನು ಕಟ್ಟುತ್ತೇನೆ, ತುದಿಯಲ್ಲಿ 6ಎಕ್ಸ್ ಟಿಪ್ಪೆಟ್ಟನ್ನು ಧಾರಾಳವಾಗಿ ಉದ್ದ ಬಿಡುತ್ತೇನೆ. ಅದು ನೀರಿನ ಮೇಲೆ ನೆಟ್ಟಗೆ ಬೀಳದೆ ಸಡಿಲವಾಗಿ ಸುರುಳಿ ಸುರುಳಿಯಾಗಿ ಬೀಳುವಂತೆ ಎಸೆದರೆ, ಆ ಸುರುಳಿಗಳು ಬಿಚ್ಚಿಕೊಳ್ಳುವವರೆಗೆ ಫ್ಲೈಗೆ ಎಳೆತವಿಲ್ಲ. ದಪ್ಪನೆಯ ಫ್ಲೈ ಲೈನು ಯಾವ ಕಾರಣಕ್ಕೂ ಮೀನಿನ ಮೇಲೆ ಹಾದುಹೋಗಬಾರದು. ನೇರ ಹಿಂದಿನಿಂದ ಎಸೆಯುವುದಕ್ಕಿಂತ ತುಸು ಓರೆಯಾಗಿ, ಪಕ್ಕದಿಂದ ಎಸೆಯುವುದು ಅದಕ್ಕಾಗಿ. ಗಾಳಿಯಲ್ಲಿ ದಾರವನ್ನು ಹಿಂದೆ ಮುಂದೆ ಬೀಸಿ ಉದ್ದ ಮಾಡಿಕೊಳ್ಳುವ ಕೆಲಸವನ್ನು ಮೀನಿರುವ ದಿಕ್ಕು ಬಿಟ್ಟು ಬೇರೆ ದಿಕ್ಕಿನಲ್ಲಿ ಮಾಡಬೇಕು, ಏಕೆಂದರೆ ದಾರದಿಂದ ಸಿಡಿಯುವ ಹನಿಗಳೂ ಬೀಸುವ ರಾಡಿನ ಹೊಳಪೂ ಅದನ್ನು ಬೆದರಿಸುತ್ತವೆ. ನೀರಿನ ಮೇಲೆ ತೇಲುವ ಡ್ರೈ ಫ್ಲೈಗೆ ನೈಲಾನ್ ಟಿಪ್ಪೆಟ್ ಒಳ್ಳೆಯದೋ ಫ್ಲೋರೋಕಾರ್ಬನ್ ಒಳ್ಳೆಯದೋ ಎಂಬ ವಾದ ಮುಗಿಯುವಂಥದಲ್ಲ. ಫ್ಲೋರೋಕಾರ್ಬನ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.42, ಅದು ನೀರಿನ 1.33ಕ್ಕೆ ನೈಲಾನಿಗಿಂತ ಹತ್ತಿರ, ಆದ್ದರಿಂದ ನೀರೊಳಗೆ ಕಡಿಮೆ ಕಾಣುತ್ತದೆ ಎನ್ನುತ್ತಾರೆ. ಅದು ನೀರಿಗಿಂತ ಸಾಕಷ್ಟು ಭಾರವಾಗಿ ಮುಳುಗುವುದರಿಂದ ನಾನು ಅದನ್ನು ನೀರೊಳಗೆ ಮುಳುಗಿ ಸಾಗುವ ನಿಂಫ್ ಎಂಬ ಫ್ಲೈಗೆ ಮಾತ್ರ ಬಳಸುತ್ತೇನೆ.

ಫ್ಲೈಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಚಿಕ್ಕವು ಬೇಕು, ಎಳೆ ಕಡಿಮೆಯಿರುವವು ಬೇಕು. ಈ ಕಾಲದಲ್ಲಿ ನೀರಿನಿಂದ ಏಳುವ ಮಿಡ್ಜ್ ಎಂಬ ನುಸಿಗಳೂ ಸಣ್ಣ ಜಾತಿಯ ಮೇಫ್ಲೈಗಳೂ 18ರಿಂದ 24ನೇ ನಂಬರಿನ ಕೊಕ್ಕೆಗೆ (ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು) ಹೊಂದುವಷ್ಟೇ ಇರುತ್ತವೆ. ಉತ್ತರ ಅಮೆರಿಕದ ಹೊಳೆಗಳಲ್ಲಿ ಬೇಸಿಗೆಯ ಬೆಳಗುಗಳಲ್ಲಿ ಮೊಟ್ಟೆಯಿಟ್ಟು ನೀರಿನ ಮೇಲೆ ರೆಕ್ಕೆ ಚಾಚಿ ಸಾಯುವ ಟ್ರೈಕೋ ಎಂಬ ಪುಟ್ಟ ಮೇಫ್ಲೈಗಳನ್ನು ಟ್ರೌಟ್ ಒಂದೇ ಸಮನೆ ಹೀರುತ್ತ ನಿಂತಿರುತ್ತದೆ. ಬಿಸಿಲೇರಿದ ಮೇಲೆ ನೀರಿನ ಹುಳುಗಳು ಕಡಿಮೆಯಾಗಿ ದಡದಿಂದ ಬೀಳುವ ಇರುವೆ, ಜೀರುಂಡೆ, ಮಿಡತೆಗಳ ಸರದಿ ಬರುತ್ತದೆ. ಒಂದೇ ಒಂದು ಫ್ಲೈ ಇಟ್ಟುಕೊಳ್ಳಬೇಕೆಂದರೆ ನಾನು ಕಪ್ಪಿರುವೆಯನ್ನು ಆರಿಸಿಕೊಳ್ಳುತ್ತೇನೆ. ಬೇರೇನನ್ನೋ ತಿನ್ನುತ್ತಿರುವ ಮೀನು ಕೂಡ ಇರುವೆಯನ್ನು ಬಿಡುವುದು ಕಡಿಮೆ. ನೀರೊಳಗೆ ತಿನ್ನುವ ಮೀನಿಗೆ ಫೆಸೆಂಟ್ ಟೇಲ್ ನಿಂಫ್. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ಅದನ್ನು ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆಗಳು ಮತ್ತು ತೆಳುವಾದ ತಾಮ್ರದ ತಂತಿ, ಇವೆರಡರಿಂದಲೇ ಕಟ್ಟಿದ. ತಂತಿಯೇ ಭಾರ, ತಂತಿಯೇ ದಾರ. ಕಾಲುಗಳನ್ನು ಕಟ್ಟುವ ಗೋಜಿಗೇ ಅವನು ಹೋಗಲಿಲ್ಲ. ತೆಳು ನೀರಿನಲ್ಲಿ ಸದ್ದಿಲ್ಲದೆ ಬೀಳುವ ಫ್ಲೈ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ದೊಡ್ಡ ಟಂಗ್‌ಸ್ಟನ್ ಮಣಿ ಪೋಣಿಸಿದ ನಿಂಫ್ ಇಂಥ ಕಡೆ ಕಲ್ಲೆಸೆದಂತೆ ಬೀಳುತ್ತದೆ.

ಮೀನು ಕಚ್ಚಿದ ಮೇಲೆ ತೆಳು ಟಿಪ್ಪೆಟ್ಟಿನ ಇನ್ನೊಂದು ಮುಖ ಕಾಣುತ್ತದೆ. ದಾರ ತುಂಡಾಗಬಾರದೆಂದು ಬಹಳ ಹೊತ್ತು ಆಡಿಸಿದರೆ ಮೀನು ದಣಿದು ಸಾಯುವ ಸ್ಥಿತಿಗೆ ಬರುತ್ತದೆ. ಆದುದರಿಂದ 7ಎಕ್ಸ್‌ಗೆ ಇಳಿಯುವ ಮೊದಲು ಎಳೆತವನ್ನು ತಪ್ಪಿಸುವ ಬೇರೆ ಉಪಾಯಗಳೆಲ್ಲ ಮುಗಿದಿರಬೇಕು. 1992ರಲ್ಲಿ ಪ್ರಕಟವಾದ ಕೆನಡಾದ ಫರ್ಗ್ಯುಸನ್ ಮತ್ತು ಟಫ್ಟ್ಸ್ ಅವರ ಪ್ರಯೋಗವೊಂದು ಇಲ್ಲಿ ನೆನಪಿಡತಕ್ಕದ್ದು. ಓಡಿಸಿ ದಣಿಸಿದ ರೇನ್‌ಬೋ ಟ್ರೌಟ್‌ಗಳನ್ನು ನೀರಿನಿಂದ ಹೊರತೆಗೆಯದೆ ಬಿಟ್ಟಾಗ 88 ಶೇಕಡಾ ಬದುಕಿದವು. 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ 62 ಶೇಕಡಾ, 60 ಸೆಕೆಂಡು ಹಿಡಿದವುಗಳಲ್ಲಿ ಕೇವಲ 28 ಶೇಕಡಾ. ಫೋಟೋ ತೆಗೆಸಿಕೊಳ್ಳಲು ಒಂದು ನಿಮಿಷ ಏನು ಮಹಾ ಎನ್ನುವವರು ಈ ಅಂಕಿಗಳನ್ನು ನೋಡಬೇಕು. ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಕೊಕ್ಕೆಯನ್ನು, ಮೀನನ್ನು ನೀರಲ್ಲೇ ಇಟ್ಟುಕೊಂಡು, ಒದ್ದೆ ಕೈಯಿಂದ ಬಿಡಿಸಬಹುದು. ಬಿಟ್ಟಾಗ ಅದು ಪ್ರವಾಹಕ್ಕೆ ಮುಖಮಾಡಿ ನಿಲ್ಲುವಂತೆ ಹಗುರವಾಗಿ ಹಿಡಿದಿದ್ದು, ತಾನಾಗಿ ಕೈಬಿಟ್ಟು ಹೋಗಲು ಬಿಡಬೇಕು.

ಬೇಸಿಗೆ ಕಳೆದು ನೀರು ತಣ್ಣಗಾದ ಮೇಲೂ ಮಳೆ ಬಾರದೆ ಹೊಳೆ ಇಳಿದೇ ಇರುವುದುಂಟು. ಆಗ ಥರ್ಮಾಮೀಟರಿನ ಭಯವಿಲ್ಲ, ಮೀನು ದಿನವಿಡೀ ತಿನ್ನುತ್ತದೆ. ಆದರೆ ಬ್ರೌನ್ ಟ್ರೌಟ್ ಮತ್ತು ಬ್ರೂಕ್ ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದಲ್ಲಿ. ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಬಡಿದು ಗುಳಿ ತೋಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿಯಿಂದ ಮುಚ್ಚುತ್ತದೆ. ಪಾಚಿಗಟ್ಟಿದ ಸುತ್ತಲಿನ ತಳಕ್ಕಿಂತ ಆ ಜಾಗ ತಿಕ್ಕಿ ತೊಳೆದಂತೆ ಬೆಳ್ಳಗೆ ಕಾಣುತ್ತದೆ. ಇಳಿದ ಹೊಳೆಯಲ್ಲಿ ಅಂಥ ಗೂಡುಗಳಿರುವುದು ಮಡುವಿನ ಬಾಲದಲ್ಲಿ, ಅಂದರೆ ದಾಟಲು ಅನುಕೂಲವೆಂದು ನಾವು ಕಾಲಿಡುವ ತೆಳು ನೀರಿನಲ್ಲೇ. ಮೊಟ್ಟೆಗಳು ಚಳಿಗಾಲವೆಲ್ಲ ಆ ಜಲ್ಲಿಯೊಳಗೇ ಇರುವುದರಿಂದ, ಮೀನು ಅಲ್ಲಿಂದ ಹೊರಟುಹೋದ ತಿಂಗಳುಗಳ ನಂತರವೂ ಬೂಟಿನ ಒಂದು ತುಳಿತ ಅವುಗಳನ್ನು ಕೊಲ್ಲಬಲ್ಲದು. ಈ ಕಾಲದಲ್ಲಿ ನಾನು ಹೊಳೆ ದಾಟುವುದು ಜಲ್ಲಿಯಿಲ್ಲದ ಕಡೆ, ದೊಡ್ಡ ಬಂಡೆಗಳ ಮೇಲೆ ಹೆಜ್ಜೆಯಿಟ್ಟು ಮಾತ್ರ. ಅಂಥ ಜಾಗ ಸಿಗದಿದ್ದರೆ ಇದ್ದ ದಡದಿಂದಲೇ ಎಸೆಯುತ್ತೇನೆ.